ಬಾಗಿಲಿಗೆ ಎದುರಾಗಿದ್ದ ಮೇಜು

ಬೇರೆ ಯಾವುದೋ ರಾಜ್ಯದ ಶಾಲೆಯಲ್ಲಿ ಗುಂಡು ಹಾರಿದಾಗಲೆಲ್ಲ ನಮ್ಮ ಶಾಲೆಯ ಧ್ವಜವನ್ನು ಅರ್ಧಕ್ಕೆ ಇಳಿಸುವವಳು ಬರ್ನಡೆಟ್ ಸಾಬೊಲ್. ಅದು ಜವಾನನ ಕೆಲಸ. ಆದರೆ ನಮ್ಮ ಜವಾನನನ್ನು ಬೇರೆ ಶಾಲೆಗಳ ಜೊತೆ ಹಂಚಿಕೊಂಡಿದ್ದೇವೆ, ಬೆಳಿಗ್ಗೆ ಅವನು ಇರುವುದಿಲ್ಲ. ಹಾಗಾಗಿ ಮೇಲಿನ ಕಚೇರಿಯಿಂದ ಫೋನ್ ಬಂದರೆ ಬರ್ನಡೆಟ್ ಕೋಟು ಹಾಕಿಕೊಂಡು ಹೊರಗೆ ಹೋಗಿ, ಹಗ್ಗ ಬಿಚ್ಚಿ, ಧ್ವಜವನ್ನು ಮೊದಲು ತುದಿಯವರೆಗೆ ಏರಿಸಿ ಆಮೇಲೆ ಅರ್ಧಕ್ಕೆ ತರುತ್ತಾಳೆ. ಹಾಗೆಯೇ ಮಾಡಬೇಕು. ಮುಗಿದ ಮೇಲೆ ಒಳಗೆ ಬಂದು ಕೈ ಬೆಚ್ಚಗೆ ಮಾಡಿಕೊಂಡು, ಆ ದಿನ ಬಾರದ ಮಕ್ಕಳ ಮನೆಗಳಿಗೆ ಫೋನ್ ಮಾಡಲು ಕೂರುತ್ತಾಳೆ. ನಾನು ಶಾಲೆಯ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿರುತ್ತೇನೆ. ಮೊದಲ ಸಲ ಅವಳು ಅತ್ತಿದ್ದಳು. ಆಮೇಲೆ ಕೆಲವು ಸಲ ಯಾವ ಊರು, ಎಷ್ಟನೇ ತರಗತಿ ಎಂದು ಕೇಳುತ್ತಿದ್ದಳು. ಈಗ ಕೇಳುವುದಿಲ್ಲ. ನಾನೂ ಕೇಳುವುದಿಲ್ಲ.

ಟ್ಯಾನರ್ಸ್ ರನ್ ಎಂಬ ನಮ್ಮ ಊರು ಪೆನ್ಸಿಲ್ವೇನಿಯಾದ ಪಶ್ಚಿಮದ ಗುಡ್ಡಗಳ ನಡುವೆ ಇದೆ. ಕಲ್ಲಿದ್ದಲ ಗಣಿ ಮುಚ್ಚಿ ಬಹಳ ಕಾಲವಾಯಿತು. ಉಳಿದಿರುವುದು ಒಂದು ಪ್ರಾಥಮಿಕ ಶಾಲೆ, ಎರಡು ಚರ್ಚು, ಪೆಟ್ರೋಲ್ ಬಂಕ್ ಮತ್ತು ಅಗ್ನಿಶಾಮಕ ದಳದ ಹಾಲ್. ಬರ್ನಡೆಟ್ ಶಾಲೆಯ ಕಚೇರಿ ನೋಡಿಕೊಳ್ಳುವವಳು. ಅವಳ ಮೇಜು ಮುಂಬಾಗಿಲಿಗೆ ನೇರ ಎದುರಾಗಿತ್ತು. ಹೊರಗೆ ಯಾರು ಬಂದು ನಿಂತರೂ ಮೊದಲು ಅವಳಿಗೆ ಕಾಣುತ್ತಿದ್ದರು. ಅವಳು ಮೇಜಿನಡಿಯ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ತಡವಾಗಿ ಬಂದವರು, ಬಿದ್ದ ಹಲ್ಲನ್ನು ಅಂಗೈಯಲ್ಲಿ ಹಿಡಿದು ಬಂದವರು, ಹೊಟ್ಟೆನೋವಿನವರು, ಚಡ್ಡಿ ಒದ್ದೆ ಮಾಡಿಕೊಂಡವರು, ಎಲ್ಲರೂ ಆ ಮೇಜಿಗೇ ಬರುತ್ತಿದ್ದರು. ನರ್ಸ್ ವಾರಕ್ಕೊಮ್ಮೆ ಬರುತ್ತಾಳೆ, ಉಳಿದ ದಿನ ಬರ್ನಡೆಟ್ಟೇ ನರ್ಸು. ಅವಳ ಡ್ರಾಯರಿನಲ್ಲಿ ಬೇರೆ ಬೇರೆ ಅಳತೆಯ ಚಡ್ಡಿಗಳು ಮಡಚಿ ಇಟ್ಟಿರುತ್ತವೆ. ಒದ್ದೆಯಾದವನ್ನು ಮನೆಗೆ ಒಯ್ದು ಒಗೆದು ತರುವವಳೂ ಅವಳೇ. ಇದು ಯಾರೂ ಅವಳಿಗೆ ಒಪ್ಪಿಸಿದ ಕೆಲಸವಲ್ಲ. ಒಮ್ಮೆ ಮಾಡಿದಳು, ಅಂದಿನಿಂದ ಅವಳದಾಯಿತು.

ಬಂದೂಕು ಹಿಡಿದು ಯಾರಾದರೂ ನುಗ್ಗಿದರೆ ಎಂದು ಬಾಗಿಲು ಹಾಕಿ, ದೀಪ ಆರಿಸಿ, ಮಕ್ಕಳನ್ನು ಮೂಲೆಯಲ್ಲಿ ಕೂರಿಸಿ ಸುಮ್ಮನಿರುವ ಅಭ್ಯಾಸ ಶಾಲೆಗೆ ಬಂದಾಗ ಅದರ ಕೆಲಸವೂ ಹೀಗೆಯೇ ಅವಳ ಪಾಲಾಯಿತು. ತರಗತಿಯ ಬಾಗಿಲುಗಳಲ್ಲಿ ಗಾಜಿನ ಕಿಂಡಿ ಇತ್ತು, ಒಳಗಿನ ಮಕ್ಕಳು ಕಾಣಬಾರದು, ಪರದೆ ಬೇಕು. "ಬರ್ನಿಗೆ ಹೊಲಿಗೆ ಬರತ್ತಲ್ಲ" ಎಂದರು. ಅವಳು ದಪ್ಪ ಕಪ್ಪು ಬಟ್ಟೆ ತಂದು, ದಾರ ಎಳೆದರೆ ಸರಕ್ಕನೆ ಬೀಳುವ ಹಾಗೆ ಎಲ್ಲ ಬಾಗಿಲಿಗೂ ಹೊಲಿದಳು. ಹೆಚ್ಚು ಹೊತ್ತು ಒಳಗೇ ಇರಬೇಕಾಗಿ ಬಂದರೆ ಮಕ್ಕಳಿಗೆ ಒಂದಕ್ಕೆ ಹೋಗಲು ಬೇಕಲ್ಲ, ಅದಕ್ಕೆ ಪ್ರತಿ ತರಗತಿಗೆ ಮುಚ್ಚಳವಿರುವ ಒಂದು ಬಕೆಟ್, ಬಕೆಟ್ಟಿಗೆ ಬೆಕ್ಕಿನ ಕಕ್ಕಸಿಗೆ ಹಾಕುವ ಮರಳು. ಬಾಯಿ ಮುಚ್ಚಿಕೊಂಡಿರಲಿ ಎಂದು ಒಂದು ಚೀಲ ಲಾಲಿಪಾಪ್. ಲಾಲಿಪಾಪ್ ಹಳೆಯದಾಗಿ ಕಾಗದಕ್ಕೆ ಅಂಟಿಕೊಳ್ಳುತ್ತದೆ, ಪ್ರತಿ ಬೇಸಿಗೆ ಬದಲಿಸಬೇಕು. ಗಂಡಸರು ಸಭೆಯಲ್ಲಿ ಸುರಕ್ಷತೆ ಎಂದು ಹೇಳಿದಾಗ ನಮಗೆ ಕಣ್ಣಿಗೆ ಬರುತ್ತಿದ್ದದ್ದು ಈ ಬಕೆಟ್ಟುಗಳು.

ಬಾಗಿಲಿಗೆ ಗಟ್ಟಿ ಬೀಗಗಳು ಬಂದದ್ದು ಬಂದೂಕಿನ ಲಾಟರಿಯಿಂದ. ನಮ್ಮ ಕಡೆ ಯಾವ ಒಳ್ಳೆಯ ಕೆಲಸಕ್ಕೆ ದುಡ್ಡು ಬೇಕಾದರೂ ಅಗ್ನಿಶಾಮಕ ದಳದ ಹಾಲಿನಲ್ಲಿ ಟಿಕೆಟ್ ಮಾರಿ, ಚೀಟಿ ಎತ್ತಿ, ಗೆದ್ದವರಿಗೆ ಬಂದೂಕು ಕೊಡುತ್ತಾರೆ. ಯಾರದೋ ಕ್ಯಾನ್ಸರಿಗೆ, ಆಂಬುಲೆನ್ಸಿನ ಹೊಸ ಟೈರಿಗೆ, ಶಾಲೆಯ ಬೀಗಕ್ಕೆ. ಆ ದಿನ ಗಂಡಸರು ಬಿಯರ್ ಹಿಡಿದು ಉದ್ದ ಮೇಜುಗಳ ಮುಂದೆ ಕೂತಿದ್ದರು. ನಾವು ಒಳಗೆ ಎಲೆಕೋಸು ಹುರಿದು ಶಾವಿಗೆಗೆ ಕಲಸುತ್ತಿದ್ದೆವು. "ಶಾಲೆ ಬಾಗಿಲಿಗೆ ಬೀಗ ಹಾಕೋಕೆ ಊರಲ್ಲಿ ಇನ್ನೂ ಹತ್ತು ಬಂದೂಕು ಹಂಚ್ತಿದಾರೆ" ಎಂದು ನಾನು ಅಂದೆ. ಬರ್ನಡೆಟ್ ನಗಲಿಲ್ಲ. "ಈರುಳ್ಳಿ ಕೊಡು" ಎಂದಳು.

ಅವಳಿಗೆ ಬಂದೂಕಿನ ಭಯವಿರಲಿಲ್ಲ. ಅದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಆಮೇಲೆ ಅವಳನ್ನು ಅಂಜುಬುರುಕಿ ಎಂದವರಿದ್ದಾರೆ. ಜಿಂಕೆ ಬೇಟೆಯ ಕಾಲ ಶುರುವಾದಾಗ ನಮ್ಮ ಶಾಲೆಗೆ ರಜೆ, ಮಕ್ಕಳೂ ಮೇಷ್ಟ್ರುಗಳೂ ಕಾಡಿನಲ್ಲೇ ಇರುತ್ತಾರೆ. ಬರ್ನಡೆಟ್‌ಳನ್ನು ಅವಳಪ್ಪ ಹುಡುಗಿಯಾಗಿದ್ದಾಗಲೇ ಕರೆದುಕೊಂಡು ಹೋಗಿದ್ದ. ಮದುವೆಯಾದ ಮೇಲೆ ಗಂಡ ಲೆನ್‌ಗಿಂತ ಹೆಚ್ಚು ಜಿಂಕೆ ಹೊಡೆದವಳು ಅವಳು. ಮಕ್ಕಳಾದ ಮೇಲೆ ಹೋಗುವುದು ನಿಂತಿತು, ಬೆಳಗಿನ ಜಾವ ಇಬ್ಬರೂ ಹೊರಟರೆ ಮನೆಯಲ್ಲಿ ಯಾರಿರಬೇಕು. ಅಲ್ಲಿಂದ ಮುಂದೆ ಲೆನ್ ತಂದದ್ದನ್ನು ಕೊಯ್ದು, ತೊಳೆದು, ಕಾಗದದಲ್ಲಿ ಸುತ್ತಿ, ಮೇಲೆ ಹೆಸರು ಬರೆದು ಫ್ರೀಜರಿಗೆ ತುಂಬುವುದು ಅವಳ ಬೇಟೆಯಾಯಿತು. ಅವರ ಮನೆಯ ಹಾಲಿನಲ್ಲಿ ಗಾಜಿನ ಕಪಾಟು, ಅದರೊಳಗೆ ಲೆನ್‌ನ ಬಂದೂಕುಗಳು. ಗಾಜು ಒರೆಸುವವಳು ಅವಳು. ಲೆನ್‌ಗೆ ಗಣಿಯ ಧೂಳಿನಿಂದ ಶ್ವಾಸಕೋಶ ಹಾಳಾಗಿದೆ, ಧೂಳಿನ ಕೆಲಸ ಮಾಡುವಂತಿಲ್ಲ. ಪಾತ್ರೆಯಲ್ಲಿ ಧೂಳಿರುವುದಿಲ್ಲ, ಆದರೆ ಅದನ್ನೂ ಅವನು ಮಾಡಿದ್ದು ನಾನು ನೋಡಿಲ್ಲ.

ಒಂದು ವರ್ಷ ಮಾರ್ಚಿನಲ್ಲಿ ಧ್ವಜ ಮತ್ತೆ ಕೆಳಗಿತ್ತು. ಗ್ಲೆನ್ ಪಾವ್ಲಿಕ್ ಎಂಬವನು ಬರ್ನಡೆಟ್‌ಳ ಮನೆಗೆ ಬಂದ. ಗ್ಲೆನ್ ಶಾಲಾ ಮಂಡಳಿಯ ಅಧ್ಯಕ್ಷ, ಲೆನ್‌ನ ಬೇಟೆಯ ಜೊತೆಗಾರ. ಬರ್ನಡೆಟ್ ಊಟದ ಮೇಜಿನ ಮೇಲೆ ಶಾಲೆಯ ಚಡ್ಡಿಗಳನ್ನು ಮಡಚುತ್ತಿದ್ದಳಂತೆ. ಅವರ ಮಾತನ್ನು ಅವಳು ಮರುದಿನ ನನಗೆ ಹೇಳಿದ್ದು ಹೀಗೆ.

"ಬರ್ನಿ, ನಿನ್ ಮೇಜು ಬಾಗಿಲಿಗೆ ಎದುರಿಗಿದೆ. ಬಂದವನು ಮೊದ್ಲು ನೋಡೋದು ನಿನ್ನನ್ನೇ" ಎಂದ ಗ್ಲೆನ್.

"ಗೊತ್ತು. ಅಲ್ಲೇ ಕೂತಿದೀನಲ್ಲ ಇಷ್ಟು ವರ್ಷ."

"ಅದಕ್ಕೇ ಹೇಳ್ತಿದೀನಿ. ಕಚೇರೀಲಿ ಒಬ್ರ ಹತ್ರ ಪಿಸ್ತೂಲ್ ಇರ್ಬೇಕು ಅಂತ ಮಂಡಳಿ ಮುಂದೆ ಇಡ್ತೀನಿ. ಯಾರ ಹತ್ರ ಅಂತ ಕೇಳಿದ್ರೆ ನಿನ್ ಹೆಸ್ರೇ. ನಮ್ಮೆಲ್ಲರಿಗಿಂತ ಚೆನ್ನಾಗಿ ಹೊಡೀತೀಯ. ಬೇಜಾರ್ ಮಾಡ್ಕೋಬೇಡ ಲೆನ್."

"ನಾನ್ಯಾಕೆ ಬೇಜಾರ್ ಮಾಡ್ಕೊಳ್ಳಿ. ಅವಳು ಹೊಡೆದದ್ದನ್ನ ತಿಂದೇ ನಾನು ಹೊಟ್ಟೆ ಬೆಳೆಸಿದ್ದು."

"ಪಿಸ್ತೂಲ್ ಡ್ರಾಯರಲ್ಲಿ ಇಡೋ ಹಾಗಿಲ್ಲ ಬರ್ನಿ. ದಿನವಿಡೀ ಸೊಂಟದ ಮೇಲೇ ಇರ್ಬೇಕು, ಬಟ್ಟೆ ಒಳಗೆ. ಬೇಸಿಗೇಲಿ ತರಬೇತಿ ಇರತ್ತೆ."

"ಬೇಸಿಗೆ ತರಬೇತಿಗೆ ಸಂಬಳ ಇದ್ಯಾ?"

"ಇದು ಮನಸಿದ್ದೋರು ಮಾಡೋ ಕೆಲ್ಸ, ಬರ್ನಿ."

"ಮಕ್ಳು ನನ್ ಸೊಂಟ ತಬ್ಕೋತಾರೆ ಗ್ಲೆನ್. ಅವರ ಕೈ ಅಷ್ಟೆತ್ತರಕ್ಕೇ ಬರೋದು."

"ತಬ್ಕೋಬೇಡಿ ಅಂತ ಹೇಳಿದ್ರಾಯ್ತು."

"ಮಾಡ್ತಾಳೆ ಬಿಡು" ಎಂದನಂತೆ ಲೆನ್. "ಇವಳು ಯಾವತ್ತು ಇಲ್ಲ ಅಂದಿದಾಳೆ."

ಅವಳು ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ತಿಂಗಳ ಕೊನೆಯಲ್ಲಿ ಮಂಡಳಿಯ ಸಭೆ, ಅಷ್ಟರಲ್ಲಿ ಹೇಳು ಎಂದು ಗ್ಲೆನ್ ಹೋದ.

"ನೀನೇನ್ ಅನ್ಕೊಂಡಿದೀಯ?" ಎಂದು ನಾನು ಕೇಳಿದೆ. ಅವಳು ನನ್ನ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು.

"ಏನೂ ಅನ್ಕೊಂಡಿಲ್ಲ. ಒಲ್ಲೆ ಅಂದ್ರೆ ಇನ್ಯಾರ ತಲೆಗಾದ್ರೂ ಕಟ್ತಾರೆ. ಆ ರಿಗಲ್ ಹುಡುಗಿ ತಲೆಗೆ ಕಟ್ಟಬಹುದು."

ಆಂಬರ್ ರಿಗಲ್ ಒಂದನೇ ತರಗತಿಯ ಟೀಚರ್, ಆಗಷ್ಟೇ ಕೆಲಸಕ್ಕೆ ಸೇರಿದವಳು.

"ಅವಳಿಗೆ ಗುಂಡು ಹೊಡೆಯೋಕೆ ಬರ್ದೇ ಇದ್ರೆ ಅವಳು ಬೇಡ ಅಂತಾಳೆ. ನಾನು ಕೇಳಿದ್ದು ನಿನ್ ವಿಷ್ಯ."

"ನನ್ ವಿಷ್ಯ ಏನಿದೆ" ಎಂದು ಅವಳು ಲೋಟ ತೊಳೆದಿಟ್ಟು ಹೋದಳು. ಆ ದಿನಗಳಲ್ಲಿ ಅವಳ ಮಾತೆಲ್ಲ ಹಾಗೆಯೇ ಇತ್ತು, ಬೇರೆ ಯಾರದೋ ಸಾಮಾನು ಸಾಗಿಸುತ್ತಿರುವವಳ ಹಾಗೆ.

ಸಭೆಗೆ ಮುಂಚೆ ಒಂದು ಶುಕ್ರವಾರ ಪೊಲೀಸ್ ಅಧಿಕಾರಿಯೊಬ್ಬ ಬಂದ. ಮುಂಚೆ ತಿಳಿಸದೆ ಬಾಗಿಲು ಹಾಕಿಸಿದರೆ ನಮ್ಮ ಶಾಲೆ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುವುದು ಅವನ ಕೆಲಸ. ಯಾವಾಗಲೂ ಧ್ವನಿವರ್ಧಕದಲ್ಲಿ ಹೇಳುತ್ತಿದ್ದವಳು ಬರ್ನಡೆಟ್. ಹೇಳುವ ಮೊದಲು ಅವಳು ಹೊರಗೆ ಬಂದು ಕಾರಿಡಾರು ನೋಡುತ್ತಿದ್ದಳು, ಹುಡುಗಿಯರ ಕಕ್ಕಸಿಗೆ ಇಣುಕುತ್ತಿದ್ದಳು, ಹೇಳುವಾಗ ಮೊದಲಿಗೂ ಕೊನೆಗೂ "ಇದು ಅಭ್ಯಾಸ ಮಾತ್ರ" ಎನ್ನುತ್ತಿದ್ದಳು. ಅದು ಯಾರೂ ಗಮನಿಸುವಂಥದ್ದಲ್ಲ. ಆ ದಿನ ಅವಳಿಗೂ ತಿಳಿಯಬಾರದು ಎಂದು ಹೆಡ್‌ಮಾಸ್ಟರ್ ಹ್ಯಾಸ್ಕೆಲ್ ತಮ್ಮ ಕೋಣೆಯಿಂದ ತಾವೇ ಹೇಳಿದರು. "ಬಾಗಿಲು ಹಾಕಿ. ದೀಪ ಆರಿಸಿ. ಮರೆಯಾಗಿ." ಅಷ್ಟೇ. ಅಭ್ಯಾಸ ಎಂಬ ಮಾತನ್ನು ಸೇರಿಸಲು ಅವರಿಗೆ ಮರೆತುಹೋಯಿತು. ಕಾರಿಡಾರು ನೋಡಬೇಕೆಂಬುದು ಅವರಿಗೆ ಗೊತ್ತೇ ಇರಲಿಲ್ಲ.

ನಾವು ಅಡುಗೆಮನೆಯ ಹೆಂಗಸರು ಉಗ್ರಾಣದೊಳಗೆ ಹೋಗಿ ಚಿಲಕ ಹಾಕಿಕೊಂಡು ಹಿಟ್ಟಿನ ಮೂಟೆಗಳ ಮೇಲೆ ಕೂತೆವು. ಹೊರಗೆ ಒಲೆಯೊಳಗೆ ಮಕ್ಕಳ ಊಟದ ಮೀನಿನ ತುಂಡುಗಳು ಸೀಯುವ ವಾಸನೆ ಬರುತ್ತಿತ್ತು. ನಿಜವೋ ಅಭ್ಯಾಸವೋ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಜೊತೆಗಿದ್ದವಳು ಮಗಳಿಗೆ ಮೆಸೇಜು ಬರೆದು, ಕಳಿಸದೆ, ಅಳಿಸಿದಳು.

ಅದಕ್ಕೆ ಸ್ವಲ್ಪ ಮುಂಚೆ ಎರಡನೇ ತರಗತಿಯ ಡೆಲೇನಿ ಎಂಬ ಹುಡುಗಿ ಮೂಗಿನಿಂದ ರಕ್ತ ಬಂದು ಕಚೇರಿಗೆ ಬಂದಿದ್ದಳು. ಅವಳಿಗೆ ಅದು ಆಗಾಗ ಬರುತ್ತದೆ. ಬರ್ನಡೆಟ್ ಒರೆಸಿ, ಮೂಗಿನ ಮೇಲೆ ಇಟ್ಟುಕೊಳ್ಳಲು ತಣ್ಣನೆಯ ಚೀಲ ಕೊಟ್ಟು, ತರಗತಿಗೆ ಕಳಿಸಿದ್ದಳು. ಡೆಲೇನಿ ಹೋಗುವಷ್ಟರಲ್ಲಿ ತರಗತಿಯ ಬಾಗಿಲು ಹಾಕಿತ್ತು. ಒಮ್ಮೆ ಹಾಕಿದರೆ ಯಾರು ಬಂದರೂ ತೆಗೆಯುವಂತಿಲ್ಲ, ಹೊರಗೆ ಮಗುವಿನ ದನಿ ಕೇಳಿದರೂ ತೆಗೆಯುವಂತಿಲ್ಲ, ಮಗುವಿನ ಹಿಂದೆ ಯಾರಿದ್ದಾರೋ ಗೊತ್ತಿಲ್ಲವಲ್ಲ. ಇದು ನಿಯಮ. ಡೆಲೇನಿ ತನಗೆ ಗೊತ್ತಿದ್ದ ಇನ್ನೊಂದು ಬಾಗಿಲಿಗೆ, ಕಚೇರಿಯ ಬಾಗಿಲಿಗೆ, ವಾಪಸು ಬಂದಳು. ತಟ್ಟಿದಳು.

ಬರ್ನಡೆಟ್ ಒಳಗೆ ಬಾಗಿಲ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಪರದೆ ಬಿಟ್ಟಿತ್ತು.

"ಮಿಸೆಸ್ ಸಾಬೊಲ್, ನಾನು ಡೆಲೇನಿ. ನಮ್ ಕ್ಲಾಸ್ ಬಾಗ್ಲು ತೆಗೀತಿಲ್ಲ."

ಬರ್ನಡೆಟ್ ತೆಗೆಯಲಿಲ್ಲ. ಡೆಲೇನಿ ಮತ್ತೆ ತಟ್ಟಿದಳು. ಆಮೇಲೆ ತಟ್ಟುವುದನ್ನು ಬಿಟ್ಟು ಸುಮ್ಮನೆ ನಿಂತಳು. ಪೊಲೀಸ್ ಅಧಿಕಾರಿ ಒಂದೊಂದೇ ಬಾಗಿಲಿನ ಹಿಡಿ ತಿರುಗಿಸಿ ನೋಡುತ್ತ ಬಂದಾಗ ಅವಳು ತಣ್ಣನೆಯ ಚೀಲ ಮೂಗಿಗೆ ಒತ್ತಿಕೊಂಡು ಹಾಗೇ ನಿಂತಿದ್ದಳಂತೆ. ಅಳುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಅಧಿಕಾರಿ ಬರ್ನಡೆಟ್‌ಳ ಕೈ ಕುಲುಕಿದ. "ಹತ್ತರಲ್ಲಿ ಒಂಬತ್ತು ಜನ ತೆಗೆದ್ಬಿಡ್ತಾರೆ ಮೇಡಂ. ನೀವು ತೆಗೀಲಿಲ್ಲ. ನಿಮ್ಮಂಥೋರು ಬೇಕು."

ಹ್ಯಾಸ್ಕೆಲ್ ಅವರಿಗೂ ಹೆಮ್ಮೆಯಾಗಿತ್ತು. ಬರ್ನಡೆಟ್ ಫೋನ್ ಎತ್ತಿಕೊಂಡಳು. ಮೂಗಿನಿಂದ ರಕ್ತ ಬಂದ ದಿನ ಡೆಲೇನಿಯ ತಾಯಿಗೆ ಅವಳು ಹೇಳುವುದು ವಾಡಿಕೆ.

"ನೀವು ಬಿಡಿ ಬರ್ನಿ, ಇದನ್ನ ನಾನೇ ತಿಳಿಸ್ತೀನಿ. ಹೇಳೋ ರೀತೀಲಿ ಹೇಳ್ಬೇಕು" ಎಂದರು ಹ್ಯಾಸ್ಕೆಲ್.

ಅವಳು ಫೋನ್ ಇಟ್ಟಳು. ಅವರು ತಿಳಿಸಲಿಲ್ಲ.

ಆ ಸಂಜೆ ಗ್ಲೆನ್‌ಗೆ ವಿಷಯ ಮುಟ್ಟಿತು, ಮರುದಿನಕ್ಕೆ ಊರಿಗೆ. ಪೆಟ್ರೋಲ್ ಬಂಕಿನಲ್ಲಿ ಯಾರೋ ನನಗೂ ಹೇಳಿದರು, "ಬರ್ನಿದು ಕಲ್ಲಿನ ಎದೆ ಕಣ್ರೀ." ಹೊಗಳುತ್ತಿದ್ದರು. ಮಗು ಯಾರದು ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಸಭೆ ನಡೆದದ್ದು ನಮ್ಮ ಊಟದ ಹಾಲಿನಲ್ಲಿ. ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಮೇಲೆತ್ತಿಕೊಂಡು ಕೂತಿದ್ದರು. ಹಿಂದಿನ ಗೋಡೆಯ ಬಳಿ ಕಾಫಿಯ ದೊಡ್ಡ ಪಾತ್ರೆ, ಅದರ ಪಕ್ಕ ನಾನು ಮತ್ತು ಬರ್ನಡೆಟ್. ಆಮಂತ್ರಣದಲ್ಲಿ ಕಾಫಿ ಇದೆ ಎಂದು ಹಾಕಿದ್ದರು, ಯಾರು ಮಾಡುತ್ತಾರೆ ಎಂದು ಹಾಕಿರಲಿಲ್ಲ. ಲೆನ್ ಮುಂದಿನ ಸಾಲಿನಲ್ಲಿ ಆಮ್ಲಜನಕದ ಸಣ್ಣ ಸಿಲಿಂಡರ್ ಪಕ್ಕಕ್ಕಿಟ್ಟುಕೊಂಡು ಕೂತಿದ್ದ.

ಮೊದಲು ಗ್ಲೆನ್ ಮಾತಾಡಿದ. "ಪೊಲೀಸ್ ಠಾಣೆ ಗುಡ್ಡದ ಆಚೆ. ಹಿಮ ಬಿದ್ರೆ ಕೇಳೋದೇ ಬೇಡ. ಅವರು ಬರೋ ಹೊತ್ತಿಗೆ ಆಗೋದೆಲ್ಲ ಆಗಿರತ್ತೆ. ನಮ್ಮನೇಲಿ ಕಳ್ಳ ಬಂದ್ರೆ ನಾವು ಪೊಲೀಸ್‌ಗೆ ಕಾಯ್ತೀವಾ? ಮತ್ತೆ ಮಕ್ಕಳ ಹತ್ರ ಮಾತ್ರ ಯಾಕೆ ಬರೀ ಪರದೆ?"

ಆಂಬರ್ ರಿಗಲ್ ಎದ್ದಳು. "ನನ್ ಕಾಲಿಗೆ ಯಾವಾಗ್ಲೂ ಯಾರಾದ್ರೊಬ್ರು ಅಂಟ್ಕೊಂಡಿರ್ತಾರೆ. ಅವರ ಶೂ ಲೇಸ್ ಕಟ್ಟೋಕೆ ದಿನಕ್ಕೆಷ್ಟು ಸಲ ಬಗ್ತೀನೋ ನನಗೇ ಗೊತ್ತಿಲ್ಲ. ಬಗ್ಗಿದಾಗ ಪಿಸ್ತೂಲ್ ಯಾರ ಮುಖದ ಹತ್ರ ಇರತ್ತೆ ಯೋಚ್ನೆ ಮಾಡಿ."

ಕಟ್ಟಿಗೆ ಮಿಲ್ಲಿನಲ್ಲಿ ಕೆಲಸ ಮಾಡುವ ಒಬ್ಬ ತಂದೆ ಟೋಪಿ ತೆಗೆದು ಹಿಡಿದುಕೊಂಡ. "ನನ್ನ ಬಂದೂಕು ನನ್ನ ಹಕ್ಕು. ಅದನ್ನ ಯಾರಾದ್ರೂ ಕಿತ್ಕೊಳ್ಳೋಕೆ ಬಂದ್ರೆ ನಾನು ಬಿಡಲ್ಲ. ಆದ್ರೆ ನನ್ ಹಕ್ಕನ್ನ ತಗೊಂಡ್ಹೋಗಿ ಟೀಚರ್ ಸೊಂಟಕ್ಕೆ ಕಟ್ಟೋದು ಬೇರೆ ಮಾತು."

"ಹಾಗಾದ್ರೆ ಏನ್ ಮಾಡ್ಬೇಕು ಅಂತೀಯ?" ಎಂದ ಗ್ಲೆನ್.

"ಅದು ಗೊತ್ತಿದ್ರೆ ನಾನು ನಿನ್ ಕುರ್ಚೀಲಿ ಕೂತಿರ್ತಿದ್ದೆ."

ಸ್ವಲ್ಪ ನಗು. ನಾಲ್ಕು ಮೊಮ್ಮಕ್ಕಳನ್ನು ಸಾಕುತ್ತಿರುವ ಮುದುಕಿಯೊಬ್ಬಳು ಕೂತಲ್ಲಿಂದಲೇ ಅಂದಳು, "ಶಾಲೇಲಿ ಗುಂಡು ಹೊಡೆಯೋ ಹುಡುಗ್ರಿಗೆ ಬಂದೂಕು ಆಕಾಶದಿಂದ ಬೀಳಲ್ಲ. ಮನೆ ಕಪಾಟಿಂದ ಬರತ್ತೆ. ಮೊದ್ಲು ಅದಕ್ಕೆ ಬೀಗ ಹಾಕಿ."

"ನಮ್ಮನೆ ಕಪಾಟು ನೋಡೋಕೆ ಸರ್ಕಾರ ಬರೋದು ಬೇಡ ಅಜ್ಜಿ" ಎಂದ ಯಾರೋ.

"ಸರ್ಕಾರ ಬೇಡಪ್ಪ, ನಿನ್ ಹೆಂಡ್ತಿ ನೋಡ್ಲಿ. ಉಳಿದಿದ್ದೆಲ್ಲ ಅವಳೇ ತಾನೆ ನೋಡೋದು."

ಹೆಂಗಸರ ಕಡೆಯಿಂದ ನಗು ಬಂತು. ಗ್ಲೆನ್ ಮೇಜು ಕುಟ್ಟಿದ. ಆಮೇಲೆ ಅವನು ಮಾಡಿದ ತಪ್ಪು, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

"ನಾನು ಯಾರೋ ದಾರಿಹೋಕರ ಕೈಗೆ ಕೊಡಿ ಅಂತಿಲ್ಲ. ಬರ್ನಿ ಸಾಬೊಲ್ ಎಲ್ಲರಿಗೂ ಗೊತ್ತು. ಮೊನ್ನೆ ಶುಕ್ರವಾರ ಬಾಗಿಲು ಹಾಕಿದಾಗ ಒಂದು ಪುಟ್ಟ ಮಗು ಹೊರಗೆ ಸಿಕ್ಕಾಕ್ಕೊಂಡು ಬಾಗ್ಲು ತಟ್ತು. ಅವಳ ಹೆಸ್ರು ಹಿಡಿದು ಕರೀತು. ಬರ್ನಿ ತೆಗೀಲಿಲ್ಲ. ಪೊಲೀಸಿನವನೇ ಬೆರಗಾದ. ಅಂಥ ಗಟ್ಟಿ ಎದೆಯವರ ಹತ್ರ ಪಿಸ್ತೂಲ್ ಇರ್ಬೇಕು ಅಂತಿದೀನಿ."

ಕೆಲವರು ಚಪ್ಪಾಳೆ ತಟ್ಟಿದರು. ಅದರ ನಡುವೆ ಬಾಗಿಲ ಬಳಿ ನಿಂತಿದ್ದ ಕ್ರಿಸ್ಟಾ ಮಾತಾಡಿದಳು. ಅವಳು ಡೆಲೇನಿಯ ತಾಯಿ, ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯ ಕೆಲಸ, ಸಮವಸ್ತ್ರದಲ್ಲೇ ಬಂದಿದ್ದಳು.

"ಯಾವ ಮಗು?"

ಗ್ಲೆನ್ ಹ್ಯಾಸ್ಕೆಲ್ ಅವರನ್ನು ನೋಡಿದ. ಹ್ಯಾಸ್ಕೆಲ್ ತಮ್ಮ ಕೈ ನೋಡಿಕೊಂಡರು.

"ಶುಕ್ರವಾರ ನನ್ನ ಮಗಳಿಗೆ ಮೂಗಲ್ಲಿ ರಕ್ತ ಬಂದಿತ್ತು. ಅಂಗಿ ನೋಡಿದ್ರೆ ಗೊತ್ತಾಯ್ತು. ಶಾಲೆಯಿಂದ ಫೋನ್ ಬರಲಿಲ್ಲ. ಯಾವ ಮಗು?"

"ಡೆಲೇನಿ" ಎಂದಳು ಬರ್ನಡೆಟ್. ಅವಳ ಕೈಯಲ್ಲಿ ಕಾಫಿ ಬಗ್ಗಿಸುವ ಜಗ್ಗು ಇತ್ತು.

ಎಲ್ಲರೂ ಹಿಂದೆ ತಿರುಗಿದರು. ಕ್ರಿಸ್ಟಾ ಕೂಗಾಡುತ್ತಾಳೆ ಎಂದು ನಾನು ಕಾದೆ. ಅವಳು ಮೆಲ್ಲಗೆ, ಲೆಕ್ಕ ತಾಳೆಯಾದವಳ ಹಾಗೆ ಹೇಳಿದಳು.

"ಅದಕ್ಕಾ. ಅವಳು ಈಗ ಬಾಗ್ಲು ತಟ್ಟಲ್ಲ. ಬಚ್ಚಲ ಮುಂದೆ ಹೋಗಿ ಸುಮ್ನೆ ನಿಂತಿರ್ತಾಳೆ. ಒಳಗಿದ್ದೋರು ಹೊರಗೆ ಬರೋ ತನಕ. ನಿನ್ನೆ ಅಲ್ಲೇ ಒದ್ದೆ ಮಾಡ್ಕೊಂಡ್ಳು. ನಾನು ಬೈದೆ. ಹಟ ಮಾಡ್ತಿದಾಳೆ ಅಂತ."

ಗ್ಲೆನ್ "ನೋಡಿ, ಇದು ಯಾರ ತಪ್ಪೂ" ಎಂದು ಶುರುಮಾಡಿದ.

"ಗ್ಲೆನ್, ನಾನು ಪಿಸ್ತೂಲ್ ತಗೊಳ್ಳಲ್ಲ" ಎಂದಳು ಬರ್ನಡೆಟ್.

"ಬರ್ನಿ, ಈಗ ಬೇಜಾರಲ್ಲಿ ಹೇಳ್ಬೇಡ."

"ಬೇಜಾರಲ್ಲಿಲ್ಲ ನಾನು. ಅದನ್ನೇ ಹೇಳ್ತಿರೋದು. ನೀವೆಲ್ಲ ಗಟ್ಟಿ ಎದೆ ಅಂತಿದೀರಿ. ನನಗೆ ಎದೇನೇ ಗೊತ್ತಾಗ್ತಿರಲಿಲ್ಲ. ಅದು ನಿಜವೋ ಅಭ್ಯಾಸವೋ ನನಗೆ ಯಾರೂ ಹೇಳಿರಲಿಲ್ಲ. ಮಗು ತಟ್ತಾ ಇತ್ತು. ನಾನು ಆಗ ಏನ್ ಯೋಚ್ನೆ ಮಾಡ್ತಿದ್ದೆ ಗೊತ್ತಾ? ಬೆಳಿಗ್ಗೆ ಫ್ರೀಜರಿಂದ ಮಾಂಸ ತೆಗೆದಿಡೋದು ಮರ್ತೆ, ರಾತ್ರಿ ಅಡುಗೆಗೆ ಏನ್ ಮಾಡ್ಲಿ ಅಂತ. ಮೊಟ್ಟೆ ಇದ್ಯಾ ಅಂತ. ಅವಳು ತಟ್ಟೋದು ನಿಲ್ಲಿಸೋ ತನಕ ಅದನ್ನೇ ಯೋಚ್ನೆ ಮಾಡ್ತಿದ್ದೆ. ಅದು ಧೈರ್ಯ ಅಲ್ಲ. ಅದೇನೋ ನನಗೆ ಗೊತ್ತಿಲ್ಲ, ಆದ್ರೆ ಅದರ ಕೈಗೆ ಪಿಸ್ತೂಲ್ ಕೊಡ್ಬೇಡಿ."

ದನಿ ಏರಿರಲಿಲ್ಲ. ಬಾರದ ಮಕ್ಕಳ ಹೆಸರು ಓದುವಾಗಿನ ದನಿ ಅದು. ಮುಂದಿನ ಸಾಲಿನಲ್ಲಿ ಲೆನ್‌ನ ಕುತ್ತಿಗೆ ಕೆಂಪಾಗಿತ್ತು. ಬರ್ನಡೆಟ್ ಹತ್ತಿರವಿದ್ದವರ ಲೋಟಕ್ಕೆ ಕಾಫಿ ಬಗ್ಗಿಸಿದಳು, ಅವರು ಚಾಚಿದ್ದರಿಂದ.

ಸಭೆ ಮುರಿದ ಮೇಲೆ ಕ್ರಿಸ್ಟಾ ನಮ್ಮ ಬಳಿ ಬಂದಳು. ಪಾಳಿಗೆ ಹೋಗುವ ಮುನ್ನ ಅವಳಿಗೆ ಕಾಫಿ ಬೇಕಿತ್ತು.

"ನಿಜ್ವಾಗ್ಲೂ ಆಗಿದ್ರೆ ತೆಗೀತಿದ್ರಾ?"

"ಗೊತ್ತಿಲ್ಲ ಕ್ರಿಸ್ಟಾ."

"ಒಳಗೆ ಬೇರೆ ಮಕ್ಳು ಇದ್ದಿದ್ರೆ ಅವರಮ್ಮಂದಿರು ತೆಗೀಬೇಡಿ ಅಂತಿದ್ರು. ನಾನೂ ಅಂತಿದ್ದೆ, ನನ್ನವಳು ಒಳಗಿದ್ದಿದ್ರೆ." ಅವಳು ಸಕ್ಕರೆ ಹಾಕಿ ಕಲಕಿದಳು. "ಫೋನಾದ್ರೂ ಮಾಡ್ಬೋದಿತ್ತು."

"ಮಾಡ್ಬೋದಿತ್ತು" ಎಂದಳು ಬರ್ನಡೆಟ್.

ಅವಳು ಹ್ಯಾಸ್ಕೆಲ್ ಅವರ ಹೆಸರು ಎತ್ತಲಿಲ್ಲ. ನಾನು ಎತ್ತಬೇಕೆಂದು ಬಾಯಿ ತೆರೆದೆ, ಅವಳು ನನ್ನ ಕೈಗೆ ಖಾಲಿ ಜಗ್ಗು ಕೊಟ್ಟಳು.

ಮನೆಗೆ ಹೋಗುವಾಗ ಕಾರಿನಲ್ಲಿ ಲೆನ್ "ಮಾಂಸದ ವಿಷ್ಯ ಎಲ್ಲರ ಮುಂದೆ ಹೇಳ್ಬೇಕಿತ್ತಾ? ಫ್ರೀಜರ್ ತೆಗೆಯೋಕೂ ನನಗೆ ಬರಲ್ಲ ಅನ್ಕೊಂಡಿರ್ತಾರೆ" ಎಂದನಂತೆ. "ಬರತ್ತಾ?" ಎಂದು ಇವಳು ಕೇಳಿದಳಂತೆ. ಜಗಳಕ್ಕಲ್ಲ, ಕೇಳಿದಳು ಅಷ್ಟೇ. ಅವನು ರೇಡಿಯೋ ಹಾಕಿದ.

ಮಂಡಳಿ ಮುಂದಿನ ತಿಂಗಳು ತೀರ್ಮಾನ ಮಾಡಿತು. ಸಿಬ್ಬಂದಿಗೆ ಪಿಸ್ತೂಲ್ ಬೇಡ, ನಿವೃತ್ತ ಪೊಲೀಸ್ ಒಬ್ಬನನ್ನು ಕಾವಲಿಗೆ ನೇಮಿಸುವುದು. ರೇ ಸ್ಟಂಫ್ ಎಂಬವನು ಬಂದ. ಒಳ್ಳೆಯ ಮನುಷ್ಯ, ಸಂಬಳವೂ ಒಳ್ಳೆಯದು, ಬರ್ನಡೆಟ್‌ಳದಕ್ಕಿಂತ ಹೆಚ್ಚು. ಅವನು ಮುಂಬಾಗಿಲು ಕಾಣುವಲ್ಲಿ ಕೂರಬೇಕು. ಮುಂಬಾಗಿಲು ಕಾಣುವ ಮೇಜು ಒಂದೇ ಇತ್ತು. ಹಾಗಾಗಿ ಬರ್ನಡೆಟ್‌ಳ ಡ್ರಾಯರುಗಳನ್ನು ಖಾಲಿ ಮಾಡಿ, ಹಿಂದಿನ ಕಾಗದದ ಉಗ್ರಾಣದಲ್ಲಿ ಅವಳಿಗೊಂದು ಮೇಜು ಹಾ‌ಕಿಕೊಟ್ಟರು. ಕಿಟಕಿಯಿಲ್ಲ. ಸಾಮಾನು ಸಾಗಿಸುವಾಗ ನಾನು ಕೈ ಹಾಕಿದೆ. "ಒಳ್ಳೇದೇ ಆಯ್ತು, ಚಳಿಗಾಳಿ ಬರಲ್ಲ" ಎಂದಳು.

ಮಕ್ಕಳು ಈಗಲೂ ಮುಂದಿನ ಮೇಜಿಗೇ ಬರುತ್ತಾರೆ. ರೇ ತಲೆಯೆತ್ತಿ ಹಲ್ಲನ್ನೋ ಒದ್ದೆ ಚಡ್ಡಿಯನ್ನೋ ನೋಡಿ, ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸುತ್ತಾನೆ. ಫೋನ್ ಬಂದರೂ ಹಿಂದಕ್ಕೆ ಕೊಡುತ್ತಾನೆ. ಅವನು ಬಾಗಿಲಿನಿಂದ ಕಣ್ಣು ತೆಗೆಯುವಂತಿಲ್ಲ, ಅದು ಅವನ ಕೆಲಸ. ಕೆಲಸವೆಲ್ಲ ಕಾರಿಡಾರಿನಲ್ಲಿ ಇನ್ನಷ್ಟು ನಡೆದು ಉಗ್ರಾಣ ಸೇರುತ್ತದೆ. ಆ ಬಾಗಿಲನ್ನೂ ಸದಾ ಬೀಗ ಹಾಕಿಯೇ ಇಡಬೇಕು. ಮಕ್ಕಳು ತಟ್ಟುತ್ತಾರೆ, ಅವಳು ತೆಗೆಯುತ್ತಾಳೆ.

ಮೇ ತಿಂಗಳಲ್ಲಿ ಒಂದು ದಿನ ನಾನು ಊಟದ ಲೆಕ್ಕ ಹೇಳಲು ಹೋದಾಗ ಡೆಲೇನಿ ಆ ಬಾಗಿಲ ಮುಂದೆ ನಿಂತಿದ್ದಳು. ಕೈ ಮೂಗಿನ ಮೇಲಿತ್ತು, ಬೆರಳ ಸಂದಿಯಿಂದ ರಕ್ತ ಮಣಿಕಟ್ಟಿನವರೆಗೆ ಇಳಿದು ಒಣಗಿತ್ತು.

"ತಟ್ಟಬಾರ್ದಾ ಪುಟ್ಟಿ?" ಎಂದೆ.

ಅವಳು ನನ್ನನ್ನು ನೋಡಿದಳು, ಬಾಗಿಲನ್ನು ನೋಡಿದಳು. ನಾನು ತಟ್ಟಿದೆ. ಬರ್ನಡೆಟ್ ತೆಗೆದು, ನಮ್ಮಿಬ್ಬರನ್ನೂ ನೋಡಿ, ಏನೂ ಕೇಳದೆ ಅವಳನ್ನು ಒಳಗೆ ಕರೆದುಕೊಂಡು ಬಟ್ಟೆ ಒದ್ದೆ ಮಾಡಿ ಒರೆಸಿದಳು. ಒಣಗಿದ ರಕ್ತ ಬೇಗ ಹೋಗುವುದಿಲ್ಲ, ಬಹಳ ಹೊತ್ತು ಒರೆಸಿದಳು. ಡೆಲೇನಿ ಅವಳ ಸೊಂಟ ತಬ್ಬಲಿಲ್ಲ. ಬರ್ನಡೆಟ್ ತಾಯಿಗೆ ಫೋನ್ ಮಾಡಿದಳು, ಎಷ್ಟು ಹೊತ್ತು ಹೊರಗೆ ನಿಂತಿದ್ದಳೋ ತಿಳಿಯದು ಎಂಬುದನ್ನೂ ಹೇಳಿದಳು.

ಅಂದಿನಿಂದ ಅವಳು ಕೂತ ಕೆಲಸ ಬಿಟ್ಟು ಆಗಾಗ ಏಳುತ್ತಾಳೆ. ಏಳುವಾಗ ಒಂದು ಕೈ ಮೊಣಕಾಲ ಮೇಲಿರುತ್ತದೆ. ಬೀಗ ತಿರುಗಿಸಿ, ಬಾಗಿಲು ತೆಗೆದು, ಕೆಳಗೆ ಮಗುವಿನ ಎತ್ತರಕ್ಕೆ ನೋಡಿ, ಮುಚ್ಚಿ, ಬೀಗ ಹಾಕಿ ಬಂದು ಕೂರುತ್ತಾಳೆ. ರೇ ಒಮ್ಮೆ ಆಕ್ಷೇಪಿಸಿದ.

"ಬರ್ನಿ, ಆ ಬಾಗ್ಲು ಮುಚ್ಚಿರ್ಬೇಕು. ನಿಯಮ."

"ಮುಚ್ಚೇ ಇರತ್ತೆ ರೇ. ಆಗಾಗ ತೆಗೀತೀನಿ ಅಷ್ಟೇ."

ಹೆಚ್ಚಿನ ಸಲ ಅಲ್ಲಿ ಯಾರೂ ಇರುವುದಿಲ್ಲ. ಇದ್ದಾಗ ಡೆಲೇನಿ ಇರುತ್ತಾಳೆ, ಎಷ್ಟು ಹೊತ್ತಿನಿಂದ ಎಂದು ಹೇಳುವುದಿಲ್ಲ.